ಹೂವಿನ ಬೀದಿಯಲ್ಲಿ ಹೊಗೆಸೊಪ್ಪಿನ ಗಿಡ

ಬೀದಿಯ ಬಾಯಲ್ಲಿ

ನಮ್ಮ ಹುಣಸೂರಿನ ಕಡೆ ಅಷ್ಟು ಇಕ್ಕಟ್ಟಾದ ಜಾಗಕ್ಕೆ ಬೀದಿ ಅನ್ನುವುದಿಲ್ಲ, ಸಂದಿ ಅನ್ನುತ್ತೇವೆ. ಸಂದಿ ಎಂದರೆ ಒಂದು ಕಡೆ ಚರಂಡಿ, ಇನ್ನೊಂದು ಕಡೆ ಯಾರೋ ಪುಣ್ಯಾತ್ಮ ಅಡ್ಡ ನಿಲ್ಲಿಸಿದ ಸ್ಕೂಟರು, ನಡುವೆ ಮೂಗು ಮುಚ್ಚಿಕೊಂಡು ಓಡುವ ನಾವು. ಫ್ರಾನ್ಸಿನ ಆಲ್ಸಾಸ್ ಎಂಬ ಸೀಮೆಯ ಆ ಪುಟ್ಟ ಊರಿನಲ್ಲಿ ರೈಲಿಳಿದು, ಗೆಳತಿ ಡೋಲ್ಮಾಳ ಹಿಂದೆ ಸೂಟ್‌ಕೇಸ್ ಎಳೆದುಕೊಂಡು ಅವಳ ಬೀದಿಯ ಬಾಯಿಗೆ ಬಂದಾಗ ನಾನು ಸಂದಿ ಎಂಬ ಮಾತನ್ನೇ ನುಂಗಿಕೊಂಡೆ.

ನೆಲಕ್ಕೆಲ್ಲ ಕಲ್ಲು ಹಾಸು. ಮರದ ತೊಲೆಗಳು ಗೋಡೆಯ ಮೈಮೇಲೆ ಅಡ್ಡಡ್ಡ, ಓರೆ ಓರೆ ಕಾಣುವಂತೆ ಕಟ್ಟಿದ ಹಳೆಯ ಮನೆಗಳು. ಒಂದಕ್ಕೆ ಅರಿಶಿನದ ಬಣ್ಣ, ಇನ್ನೊಂದಕ್ಕೆ ತಿಳಿನೀಲಿ, ಮತ್ತೊಂದಕ್ಕೆ ಕೆಮ್ಮಣ್ಣಿನದು. ಮೇಲಂತಸ್ತುಗಳು ಮುಂದಕ್ಕೆ ಬಾಗಿ ಎದುರು ಮನೆಯವರ ಕಿವಿಯಲ್ಲಿ ಗುಟ್ಟು ಹೇಳುವಂತೆ ನಿಂತಿದ್ದವು. ಪ್ರತಿ ಕಿಟಕಿಯ ಕೆಳಗೂ ಒಂದು ಉದ್ದನೆಯ ಪೆಟ್ಟಿಗೆ, ಪೆಟ್ಟಿಗೆ ತುಂಬ ಜೆರೇನಿಯಂ ಹೂವು. ಕೆಂಪು, ಗುಲಾಬಿ, ಬಿಳಿ. ಜಾಗ ಸಾಲದೆ ಗೋಡೆಯ ಮೇಲೆ ಇಳಿಬಿದ್ದಿದ್ದವು. ಆಗತಾನೇ ನೀರು ಹಾಕಿದ್ದರು ಅಂತ ಕಾಣುತ್ತದೆ, ಮೇಲಿನಿಂದ ನಮ್ಮ ತಲೆಯ ಮೇಲೆ ತೊಟ್ಟಿಕ್ಕುತ್ತಿತ್ತು. ನನಗೆ ಕುಣಿಯುವಷ್ಟು ಖುಷಿಯಾಯಿತು.

ಸೂಟ್‌ಕೇಸಿನ ಗಾಲಿಗಳು ಆ ಕಲ್ಲಿನ ಮೇಲೆ ಎತ್ತಿನ ಗಾಡಿಯಂತೆ ಸದ್ದು ಮಾಡಿದವು. ಒಂದೊಂದೇ ಕಿಟಕಿ ತೆರೆಯಿತು. ಬೈಯುತ್ತಾರೇನೋ ಅಂದುಕೊಂಡರೆ ಎಲ್ಲರೂ "ಬೊನ್‌ಸ್ವಾರ್" ಅಂದರು. ಸಂಜೆಯ ನಮಸ್ಕಾರವಂತೆ. ಗುರುತಿರಲಿ ಬಿಡಲಿ, ಆ ಬೀದಿಯಲ್ಲಿ ಹೋಗುವವರಿಗೆಲ್ಲ ಅದನ್ನು ಹೇಳಲೇಬೇಕು. ನಮ್ಮ ಯಜಮಾನರು ಪ್ರತಿ ಕಿಟಕಿಗೂ "ಶರಣು ಕಣಮ್ಮ, ಶರಣು" ಅನ್ನುತ್ತ ನಡೆದರು.

ಯಜಮಾನರ ಹೆಸರು ಮಹದೇವಪ್ಪ. ಬೆಟ್ಟದಪುರದ ಬೆಟ್ಟದ ಕೆಳಗೆ ನಮ್ಮದು ಹೊಗೆಸೊಪ್ಪಿನ ಬೇಸಾಯ. ಡೋಲ್ಮಾ ನನ್ನ ಬೆಂಚಿನವಳು. ನನ್ನ ತವರು ಗುರುಪುರ, ಅವಳು ಹುಟ್ಟಿದ್ದು ಅಲ್ಲಿಯ ಟಿಬೆಟನ್ ಕ್ಯಾಂಪಿನಲ್ಲಿ. ಹುಣಸೂರಿನ ಕಾಲೇಜಿಗೆ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದೆವು. ಈಗ ಅವಳು ಫ್ರೆಂಚ್ ಮಾತಾಡಿ ವ್ಯಾಪಾರ ಮಾಡುತ್ತಾಳೆ. ನನ್ನನ್ನು ಕಂಡರೆ ಮಾತ್ರ ಹುಣಸೂರು ಸಂತೆಯ ಕನ್ನಡವೇ ಬರುವುದು. ಫ್ರಾನ್ಸಿನಲ್ಲೇ ಇನ್ನೊಂದು ಊರಿನಲ್ಲಿ ನಡೆದ ಅವಳ ಮಗಳ ಮದುವೆಗೆಂದು ಹೋದ ನಾವು, ಮದುವೆ ಮುಗಿದ ಮೇಲೆ ಅವಳ ಮನೆಯಲ್ಲಿ ನಾಲ್ಕು ದಿನ ಇರಲು ಬಂದಿದ್ದೆವು.

"ಏನ್ ಡೋಲ್ಮಾ, ಇಷ್ಟ್ ಸಣ್ ಬೀದೀಲಿ ಹೆಣ ಹೆಂಗ್ ತಗೊಂಡೋಯ್ತಾರೆ?" ಅಂದರು ಇವರು.

"ಬಂದ್ ಗಳಿಗೇಲೇ ಹೆಣದ್ ಮಾತಾ ಭಾವ! ಒಳೀಕ್ ಬನ್ನಿ ಮೊದ್ಲು" ಎಂದು ನಗುತ್ತ ಅವಳು ಬಾಗಿಲು ತೆಗೆದಳು.

ಇವರು ಒಳಗೆ ಬರಲಿಲ್ಲ. ಕಿಟಕಿಯ ಪೆಟ್ಟಿಗೆಯ ಮುಂದೆ ಬಗ್ಗಿ ನಿಂತಿದ್ದರು. "ಲೇ ಗಿರಿಜಾ, ಇಲ್ನೋಡೇ! ನಮ್ ಗಿಡ ಕಣೇ!"

ಜೆರೇನಿಯಂಗಳ ನಡುವೆ ನಿಜವಾಗಿಯೂ ಹೊಗೆಸೊಪ್ಪಿನ ಗಿಡಗಳಿದ್ದವು. ಅಗಲ ಎಲೆ, ಅಂಟಂಟು ಮೈ, ತುದಿಯಲ್ಲಿ ಗೊಂಚಲು ಮೊಗ್ಗು, ಅಲ್ಲೊಂದು ಇಲ್ಲೊಂದು ಬಿರಿಯುತ್ತಿದ್ದ ಗುಲಾಬಿ ಬಣ್ಣದ ಹೂವು. ನನಗೋ ಕಾಲು ಸೋತು ಹೋಗಿತ್ತು. "ಊರಲ್ಲಿ ನೋಡಿದ್ದು ಸಾಲದಾ? ಸುಮ್ನೆ ಬನ್ರೀ" ಅಂದೆ. ಆ ಗಳಿಗೆಯಲ್ಲಿ ನಾನೂ ಒಂದು ಕ್ಷಣ ನಿಂತು ನೋಡಿದ್ದರೆ ಮುಂದಿನದ್ಯಾವುದೂ ಆಗುತ್ತಿರಲಿಲ್ಲ.

ಮೊದಲ ಸಂಜೆ

ಕೆಳಗೆ ಡೋಲ್ಮಾಳ ಮೋಮೋ ಅಂಗಡಿ, ಮೇಲೆ ಅವಳ ಮನೆ. ನಮಗಾಗಿ ಕೋಸು, ಕ್ಯಾರೆಟ್ ತುಂಬಿದ ಮೋಮೋ ಮಾಡಿದ್ದಳು. ಇವರು ಅದನ್ನು ಕಡುಬು ಅಂತಲೇ ಕರೆದು, ನಾನು ಕಟ್ಟಿಕೊಂಡು ಹೋಗಿದ್ದ ಹುಚ್ಚೆಳ್ಳು ಚಟ್ನಿಪುಡಿಯಲ್ಲಿ ಅದ್ದಿ ತಿಂದರು.

ಊಟದ ನಡುವೆ ಡೋಲ್ಮಾ ತನ್ನ ಮನೆಯೊಡತಿಯ ವಿಷಯ ತೆಗೆದಳು. ಎಂಬತ್ತು ದಾಟಿದ ಮುದುಕಿ. ಬೀದಿಯವರೆಲ್ಲ ಮದಾಂ ಅನ್ನುತ್ತಾರೆ. ವಾಸ ಎದುರು ಮನೆಯಲ್ಲೇ. ಎರಡೂ ಮನೆಯ ಪೆಟ್ಟಿಗೆಗಳಿಗೆ ಬೀಜ ಹಾಕುವುದು, ಸಸಿ ನೆಡುವುದು ಮದಾಂ ಕೆಲಸ, ನೀರು ಹಾಕುವುದು ಡೋಲ್ಮಾಳ ಕೆಲಸ. ಹಿಂದಿದ್ದ ಬಾಡಿಗೆಯವನು ಗಿಡ ಒಣಗಿಸಿದ ಅಂತ ಅವನನ್ನು ಬಿಡಿಸಿಯೇ ಮನೆಯನ್ನು ಇವಳಿಗೆ ಕೊಟ್ಟಿದ್ದರಂತೆ.

"ಕರಾರು ಮುಂದಿನ್ ತಿಂಗ್ಳು ಮುಗೀತದೆ ಕಣೇ. ಮುಂದುವರ್ಸಿ ಅಂತ ಕೇಳ್ದೆ. 'ನಾಳೆ ಸಮಿತಿ ಬಂದ್ ಹೋಗ್ಲಿ, ಆಮೇಲೆ ಕೂತ್ ಮಾತಾಡಾಣ' ಅಂದವ್ರೆ" ಅಂದಳು ಡೋಲ್ಮಾ.

ಬೀದಿ ಬೀದಿಗೂ ಹೋಗಿ ಹೂವು ನೋಡಿ ಅಂಕ ಕೊಡುವ ಸಮಿತಿ ಅದು. ನಮ್ಮಲ್ಲಿ ರಂಗೋಲಿ ಸ್ಪರ್ಧೆ ಇದ್ದಂತೆ ಅಂದುಕೊಂಡು ನಾನು ನಕ್ಕೆ. ಡೋಲ್ಮಾ ನಗಲಿಲ್ಲ.

"ತಮಾಸೆ ಅಲ್ಲ ಕಣೇ ಗಿರಿಜಾ. ಈ ಊರ್ಗೆ ಬಂದಾಗ ಎಷ್ಟ್ ವರ್ಸ ಕಂಡೋರ ಹೋಟ್ಲಲ್ಲಿ ಪಾತ್ರೆ ಉಜ್ಜಿದೀನಿ ಗೊತ್ತಾ? ಈ ಅಂಗ್ಡಿ ಹೋದ್ರೆ ತಿರ್ಗಾ ಅದೇ. ಈ ವಯಸ್ನಲ್ಲಿ ನನ್ ಕೈಲಾಗಕಿಲ್ಲ."

ಅಷ್ಟರಲ್ಲಿ ಇವರು ಫೋನ್ ಹಿಡಿದು ಕಿಟಕಿಯ ಹತ್ತಿರ ಹೋಗಿದ್ದರು. ನಮ್ಮೂರಲ್ಲಿ ಅದು ಕುಡಿ ಮುರಿಯುವ ಕಾಲ. ಹೊಗೆಸೊಪ್ಪಿನ ಗಿಡ ಮೊಗ್ಗು ಕಟ್ಟಿದ ಕೂಡಲೇ ಅದರ ತಲೆಯನ್ನು ಚಿವುಟಿ ಹಾಕಬೇಕು. ಬಿಟ್ಟರೆ ಗಿಡದ ಕಸುವೆಲ್ಲ ಹೂವಿಗೆ ಹೋಗಿ ಎಲೆ ತೆಳ್ಳಗಾಗಿ ರೇಟು ಬಿದ್ದುಹೋಗುತ್ತದೆ. ಹೊಲವನ್ನು ಮೈದುನನ ಕೈಗೆ ಕೊಟ್ಟು ಬಂದ ಇವರಿಗೆ ವಿಮಾನ ಹತ್ತಿದಾಗಿನಿಂದ ಅದೇ ಜಪ. "ಕುಡಿ ಮುರ್ದ್ರೇನ್ಲಾ? ಬೋರ್‌ವೆಲ್ ಪಕ್ಕದ್ ಪಟ್ಟಿ?" ಊರಲ್ಲಿ ಆಗ ನಡುರಾತ್ರಿಯಾಗುತ್ತಿತ್ತು, ಆ ಕಡೆಯಿಂದ ನಿದ್ದೆಗಣ್ಣಲ್ಲೇ ಮಳೆ, ಆಳು ಬರಲಿಲ್ಲ, ಅಂತೇನೋ ಉತ್ತರ ಬಂತು. "ಥೂ, ಹಾಳಾಗೋಯ್ತದೆ ಕಣ್ಲಾ ಎಲೆ!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು. ಎದುರು ಮನೆಯ ಕಿಟಕಿ ಪಟ್ಟನೆ ಮುಚ್ಚಿಕೊಂಡಿತು. ಅದು ಮದಾಂ ಮನೆ.

ಮರುದಿನ, ಸಮಿತಿ ಬರುವ ಮುಂಚೆ

ನಾನು ಎದ್ದಾಗ ಪಕ್ಕದಲ್ಲಿ ಇವರಿರಲಿಲ್ಲ. ಬೆಳಕು ಆಗಲೇ ಚೆನ್ನಾಗಿ ಹರಿದಿತ್ತು. ಕಿಟಕಿಯಿಂದ ಬಗ್ಗಿ ನೋಡಿದರೆ ಕೆಳಗೆ ಬೀದಿಯಲ್ಲಿ ಲುಂಗಿ ಮೇಲಕ್ಕೆ ಕಟ್ಟಿಕೊಂಡು, ಕೈ ಹಿಂದೆ ಇಟ್ಟುಕೊಂಡು, ಹೊಲದ ಬದುವಿನ ಮೇಲೆ ನಿಂತವರಂತೆ ನಿಂತಿದ್ದರು. ಮುಖದಲ್ಲಿ ಊರು ಬಿಟ್ಟ ಮೇಲೆ ನಾನು ಕಾಣದ ನೆಮ್ಮದಿ. ಗೋಡೆಯ ಬುಡದಲ್ಲಿ ಅಚ್ಚುಕಟ್ಟಾಗಿ ಏನೋ ಗುಡ್ಡೆ ಹಾಕಿತ್ತು.

ಮೆಟ್ಟಿಲು ಹೇಗೆ ಇಳಿದೆನೋ ಗೊತ್ತಿಲ್ಲ.

"ಏನ್ರೀ ಮಾಡಿದ್ರಿ?"

"ಇನ್ನೊಬ್ರ ಮನೇಲಿ ಸುಮ್ನೆ ಕೂತ್ಕೊಂಡ್ ಉಣ್ಣಕಾಯ್ತದೇನೇ? ಪಾಪ, ಇವ್ರ್ಗೆ ಗೊತ್ತಿಲ್ಲ, ಕುಡಿ ಮುರೀದೆ ಬುಟ್ಬುಟ್ಟವ್ರೆ. ಎಲ್ಲಾ ಮುರ್ದಾಕ್ದೆ. ಮ್ಯಾಲಿನ್ ಕಿಟಕೀವೂ ಒಳಗಿಂದ್ಲೇ ಮುಗಿಸ್ದೆ."

"ಅದು ಹೂವಿಗೆ ಅಂತ ಹಾಕಿರೋದು ಕಣ್ರೀ!"

"ಹೊಗೆಸೊಪ್ಪನ್ನ ಯಾವನಾದ್ರೂ ಹೂವ್ಗೆ ಹಾಕ್ತಾನಾ? ತಲೆ ಕೆಟ್ಟದಾ ನಿಂಗೆ? ಆ ಕೆಂಪು ಹೂವು ಒಂದ್ನೂ ಮುಟ್ಟಿಲ್ಲ ನೋಡು."

ನಿಜ, ಜೆರೇನಿಯಂನ ಒಂದು ಎಸಳೂ ಅಲುಗಿರಲಿಲ್ಲ. ಅವುಗಳ ನಡುವೆ ಹೊಗೆಸೊಪ್ಪಿನ ಗಿಡಗಳು ಮಾತ್ರ ಮೊಂಡುತಲೆ ಎತ್ತಿಕೊಂಡು ನಿಂತಿದ್ದವು. ನಮ್ಮ ಹೊಲದಲ್ಲಾಗಿದ್ದರೆ ಅಷ್ಟು ಸೊಗಸಾಗಿ ಕುಡಿ ಮುರಿದವರಿಗೆ ಶಹಬಾಸ್ ಅನ್ನುತ್ತಿದ್ದೆ.

ಡೋಲ್ಮಾ ಬಾಗಿಲಿಗೆ ಬಂದಳು. ಪೆಟ್ಟಿಗೆ ನೋಡಿದಳು, ಗುಡ್ಡೆ ನೋಡಿದಳು. "ಅಯ್ಯೋ ಭಾವ, ಏನ್ ಮಾಡ್ಬುಟ್ರಿ" ಅಂತ ಅಷ್ಟೇ ಹೇಳಿ ಹೊಸ್ತಿಲ ಮೇಲೆ ಕುಸಿದು ಕೂತಳು. ಅವಳು ಕೂಗಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಇವರ ಮುಖದ ನೆಮ್ಮದಿ ಆಗ ಇಳಿಯಿತು.

ಸಮಿತಿ ಬರುವುದು ಹತ್ತು ಗಂಟೆಗೆ. ಎದುರು ಮನೆಯ ಕಿಟಕಿಗಳು ಇನ್ನೂ ತೆರೆದಿರಲಿಲ್ಲ. ಗುಡ್ಡೆಯಲ್ಲಿದ್ದ ಹೂಗೊಂಚಲುಗಳು ಬಾಡಿರಲಿಲ್ಲ. ನನಗೆ ಹೊಳೆದದ್ದು ಒಂದೇ.

ಸೊಪ್ಪು ಹದಮಾಡುವ ಮನೆಗೆ ನಾವು ಬ್ಯಾರನ್ ಅನ್ನುತ್ತೇವೆ. ಎಲೆಗಳನ್ನು ಕಡ್ಡಿಗೆ ದಾರದಿಂದ ಕಟ್ಟಿ ಅದರೊಳಗೆ ಸಾಲಾಗಿ ನೇತು ಹಾಕಬೇಕು. ಕಟ್ಟುವುದು ಹೆಂಗಸರ ಕೆಲಸ. ಮದುವೆಯಾಗಿ ಬಂದ ವರ್ಷದಿಂದ ಕಟ್ಟಿದ್ದೇನೆ. ನಮ್ಮೂರಲ್ಲಿ ನನ್ನ ಕೈಗೆ ಸಮ ಇನ್ನೊಂದು ಕೈ ಇಲ್ಲ. ಇದು ಜಂಬವಲ್ಲ, ಯಾರನ್ನು ಬೇಕಾದರೂ ಕೇಳಿ.

"ಡೋಲ್ಮಾ, ಹಸಿರು ದಾರ ತಾ. ಮುರಿದಿದ್ದನ್ನ ವಾಪಸ್ ಕಟ್ತೀನಿ."

"ಮೋಸ ಆಗಾಕಿಲ್ವೇನೇ ಗಿರಿಜಾ?"

"ನಿಜ ಹೇಳೋಕೆ ಆಮೇಲೂ ಟೈಮ್ ಇರ್ತದೆ. ಮೊದ್ಲು ದಾರ ತಾ."

ಒಂದೊಂದು ಗೊಂಚಲನ್ನೂ ಮೊಂಡಾದ ದಂಟಿಗೆ ಜೋಡಿಸಿ ಎರಡು ಸುತ್ತು ಸುತ್ತಿ ಗಂಟು. ಮತ್ತೊಂದು. ಮತ್ತೊಂದು. ಡೋಲ್ಮಾ ಗೊಂಚಲು ಎತ್ತಿ ಕೊಡುತ್ತಿದ್ದಳು. ಕೆಳಗಿನ ಪೆಟ್ಟಿಗೆಗಳು ಮುಗಿದು ಮೇಲಿನ ಕಿಟಕಿಗೆ ಹೋದಾಗ ಎದುರು ಮನೆಯಲ್ಲಿ ಅಗುಳಿ ತೆಗೆದ ಸದ್ದಾಯಿತು. ನಾನು ಪರದೆಯ ಹಿಂದೆ ಸರಿದೆ. ಮದಾಂ ಕಿಟಕಿ ತಳ್ಳಿ, ಆಕಾಶ ನೋಡಿ, ತಮ್ಮ ಜೆರೇನಿಯಂನಲ್ಲಿ ಒಣಗಿದ ಒಂದೆರಡು ಎಸಳು ಕಿತ್ತು ಒಳಗೆ ಹೋದರು. ನಾನು ಮುಂದೆ ಬಾಗಿ ಕೊನೆಯ ಗಂಟು ಹಾಕಿದೆ.

ಇವರನ್ನು ಮೇಲೆಯೇ ಕೂರಿಸಿದ್ದೆ. ಹೊಗೆಸೊಪ್ಪಿನ ಅಂಟು ಬೆರಳಿಗೆ ಹತ್ತಿದರೆ ಕಪ್ಪಾಗಿ ಕೂತುಬಿಡುತ್ತದೆ. ಬಚ್ಚಲಲ್ಲಿ ಸೋಪು ಹಾಕಿ ಉಜ್ಜುತ್ತಿದ್ದರು, ಹೋಗುತ್ತಿರಲಿಲ್ಲ. "ಕೆಳಗೆ ಮಾತ್ರ ಬರಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ" ಅಂದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಮೊದಲ ಸಲ ಎದುರು ಮಾತಾಡದೆ ತಲೆ ಅಲ್ಲಾಡಿಸಿದರು.

ಸಮಿತಿ

ಮೂವರು ಬಂದರು. ಕನ್ನಡಕದ ಹೆಂಗಸು, ಕ್ಯಾಮೆರಾ ಹಿಡಿದ ಗಂಡಸು, ಮತ್ತೊಬ್ಬ ಏನೋ ಗೀಚಿಕೊಳ್ಳುತ್ತಿದ್ದ. ನಾವಿಬ್ಬರೂ ಅಂಗಡಿಯ ಬಾಗಿಲಲ್ಲಿ ನಗುಮುಖ ಅಂಟಿಸಿಕೊಂಡು ನಿಂತೆವು. ಕನ್ನಡಕದ ಹೆಂಗಸು ನಮ್ಮ ಪೆಟ್ಟಿಗೆಯ ಹತ್ತಿರ ಬಂದು ಬಗ್ಗಿದಳು. ಅದೇ ಹೊತ್ತಿಗೆ ಆ ಹಾಳು ಗಾಳಿ ಬೀಸಬೇಕೇ! ಸಂದಿಯೊಳಗೆ ನುಗ್ಗಿದ ಗಾಳಿಗೆ ಹೂಗಳೆಲ್ಲ ತೂಗಿದವು. ಒಂದು ಗೊಂಚಲು ಮಾತ್ರ ತೂಗಿ ವಾಪಸ್ ಬರಲಿಲ್ಲ, ಪಕ್ಕಕ್ಕೆ ವಾಲಿಕೊಂಡು ಹಾಗೇ ನಿಂತಿತು. ಡೋಲ್ಮಾಳ ಉಗುರು ನನ್ನ ಕೈಗೆ ನಾಟಿತು. ನನ್ನ ಬಾಯೊಳಗೆ ಬೆಟ್ಟದ ಮಲ್ಲಯ್ಯನ ಹೆಸರು.

ಹೆಂಗಸು ಮೂಸಿದಳು. ಏನೋ ಹೇಳಿದಳು. ಕ್ಯಾಮೆರಾದವನು ಬಗ್ಗಿ ಇಳಿಬಿದ್ದ ಕೆಂಪು ಜೆರೇನಿಯಂಗಳ ಫೋಟೋ ತೆಗೆದ. ಮೂವರೂ "ಮೆರ್ಸಿ, ಮೆರ್ಸಿ" ಎಂದು ಧನ್ಯವಾದ ಹೇಳುತ್ತ ಮುಂದಿನ ಮನೆಗೆ ಹೋದರು.

ನಾನು ಉಸಿರು ಬಿಡುವಷ್ಟರಲ್ಲಿ ಎದುರು ಬಾಗಿಲು ತೆರೆಯಿತು. ಮದಾಂ ಕೋಲೂರಿಕೊಂಡು ಬೀದಿ ದಾಟಿದರು. ಅಲ್ಲಿ ಬೀದಿ ದಾಟುವುದೆಂದರೆ ನಾಲ್ಕು ಹೆಜ್ಜೆ. ಜೆರೇನಿಯಂ ಕಡೆಗೆ ಕಣ್ಣೂ ಹಾಯಿಸದೆ ನೇರವಾಗಿ ಆ ವಾಲಿದ ಗೊಂಚಲನ್ನು ಸರಿಮಾಡಲು ಕೈ ಹಾಕಿದರು. ಅದು ಹಸಿರು ದಾರದ ಸಮೇತ ಅವರ ಕೈಗೆ ಬಂತು.

ಅವರು ಪಕ್ಕದ್ದನ್ನು ಮುಟ್ಟಿದರು. ಅದೂ ಬಂತು. ಆಮೇಲೆ ಡೋಲ್ಮಾಳ ಮುಖ ನೋಡಿ ಒಂದೇ ಒಂದು ಮಾತು ಕೇಳಿದರು. ಯಾರು ಮುರಿದದ್ದು ಅಂತಲೇ ಇರಬೇಕು. ಡೋಲ್ಮಾಳ ಕಣ್ಣಲ್ಲಿ ನೀರು ತುಂಬಿಕೊಂಡಿತು.

ಮೆಟ್ಟಿಲ ಮೇಲೆ ದಡದಡ ಸದ್ದು. ಇವರು ಇಳಿದು ಬಂದು ಮದಾಂ ಮುಂದೆ ನಿಂತು ಬಲಗೈ ಚಾಚಿದರು. ಕಪ್ಪು ಹೆಬ್ಬೆರಳು, ಕಪ್ಪು ತೋರುಬೆರಳು.

"ನಾನೇ ಕಣಮ್ಮ ಮುರ್ದಿದ್ದು. ಡೋಲ್ಮಂದು ಏನೂ ತಪ್ಪಿಲ್ಲ. ಬಯ್ಯಂಗಿದ್ರೆ ನನ್ನ ಬಯ್ಯಿ" ಅಂದರು, ಅಚ್ಚ ಕನ್ನಡದಲ್ಲಿ.

ಮದಾಂ ಆ ಕೈ ಹಿಡಿದುಕೊಂಡರು. ತಿರುಗಿಸಿ ನೋಡಿದರು. ಮೂಗಿನ ಹತ್ತಿರ ತಂದು ಮೂಸಿದರು. ನಾನು ಹೆದರಿ ಹೆಜ್ಜೆ ಮುಂದಿಟ್ಟೆ. ಆಗ ಅವರು ಮಾತಾಡಲು ಶುರುಮಾಡಿದರು. ಡೋಲ್ಮಾ ಮೂಗು ಒರೆಸಿಕೊಂಡು ನಮಗೆ ಹೇಳುತ್ತ ಹೋದಳು.

"ಇವ್ರಪ್ಪಂದೂ ಹೊಗೆಸೊಪ್ಪಿನ ಬೇಸಾಯ ಅಂತೆ ಭಾವ. ಇಲ್ಲೇ ಪಕ್ಕದ ಹಳ್ಳಿ. ಅಪ್ಪನ ಬೆಳ್ಳೂ ಇಂಗೇ ಕರ್ರಗೆ ಇರ್ತಿದ್ವಂತೆ. ಇದೇ ವಾಸ್ನೆ ಅಂತೆ."

ಅಬ್ಬಾ, ಬದುಕಿದೆವು ಅಂದುಕೊಂಡೆ. ಆದರೆ ಡೋಲ್ಮಾಳ ದನಿ ಇಳಿಯುತ್ತ ಹೋಯಿತು.

"ಅಷ್ಟ್ ವರ್ಸ ಹೊಲ್ದಲ್ಲಿ ಗೇದ್ರೂ ಆ ಗಿಡದ ಹೂ ಅರಳಿದ್ದ ಒಂದಿನಾನೂ ನೋಡಿರ್ಲಿಲ್ವಂತೆ. ಮೊಗ್ಗಲ್ಲೇ ಅಪ್ಪ ಮುರ್ದಾಕೋರಂತೆ. ಒಂದ್ಸಲ ಚಿಕ್ಕೋರಿದ್ದಾಗ ಕೊಟ್ಟಿಗೆ ಹಿಂದೆ ಒಂದ್ ಗಿಡ ಬಚ್ಚಿಟ್ಕಂಡಿದ್ರಂತೆ. ಅದ್ನೂ ಮುರ್ದ್ರಂತೆ. ಮದ್ವೆ ಆಗಿ ಈ ಬೀದಿಗ್ ಬಂದ್ಮೇಲೆ, ಹೂ ನೋಡ್ಬೇಕು ಅಂತ್ಲೇ, ಅವ್ರ್ ಕಿಟಕೀಗೆ ಎದ್ರು ಕಾಣೋ ಈ ಪೆಟ್ಗೆಗಳಲ್ಲಿ ವರ್ಸ ವರ್ಸ ನಾಕ್ ಬೀಜ ಹಾಕ್ತಾರಂತೆ. ಸಮಿತಿಗೆ ಆ ಕೆಂಪು ಹೂವು. ಇದು ಮಾತ್ರ ನಂಗೆ ಅಂತಾವ್ರೆ."

ನನಗೆ ನಾಚಿಕೆಯಾಯಿತು. ದಾರ ಸುತ್ತಿದ್ದಕ್ಕೂ ಆಯಿತು, ಇನ್ನೊಂದಕ್ಕೂ ಆಯಿತು. ಹೊಗೆಸೊಪ್ಪಿನ ಮನೆಗೆ ಸೊಸೆಯಾಗಿ ಬಂದು ಇಷ್ಟು ವರ್ಷವಾಗಿದ್ದರೂ, ಒಂದು ಗಿಡ ಪೂರ್ತಿ ಹೂ ಬಿಟ್ಟದ್ದನ್ನು ನಾನೂ ನೋಡಿರಲಿಲ್ಲ. ನೋಡಬೇಕು ಅಂತ ಅನಿಸಿಯೂ ಇರಲಿಲ್ಲ.

ಇವರು ಪೆಟ್ಟಿಗೆಯ ಹತ್ತಿರ ಹೋಗಿ ಎಲೆಯ ಬುಡ ಸರಿಸಿದರು. ದಂಟು ಮತ್ತು ಎಲೆ ಸೇರುವ ಕಂಕುಳಲ್ಲಿ ಎಳ್ಳುಕಾಳಷ್ಟು ಹಸಿರು. "ಡೋಲ್ಮಾ, ಹೇಳು ಇವ್ರ್ಗೆ. ಈ ಕಂಕುಳ್ ಕುಡೀವ ಕೀಳ್ಬ್ಯಾಡಿ ಅನ್ನು. ಬುಟ್ರೆ ಒಂದೊಂದ್ರಲ್ಲೂ ಹೂ ಬತ್ತದೆ."

ಮದಾಂ ಕೋಲನ್ನು ಕಲ್ಲಿಗೆ ಕುಟ್ಟಿದರು. ಅದನ್ನು ಕೀಳುವುದು ಅವರ ಮನೆಯಲ್ಲಿ ಮಕ್ಕಳ ಕೆಲಸವಾಗಿತ್ತಂತೆ, ಅವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲವಂತೆ. ಎಷ್ಟು ದಿನಕ್ಕೆ ಹೂ ಬರುತ್ತದೆ, ಅದನ್ನು ಹೇಳಲಿ ಅಂದರು.

ಇವರು ಮಳೆ ಯಾವಾಗ ಬರುತ್ತದೆ ಅಂದರೂ ಉತ್ತರ ಇಟ್ಟುಕೊಂಡಿರುವ ಮನುಷ್ಯ. ಆದರೆ ಕುಡಿ ಮುರಿದ ಮೇಲೆ ಕಂಕುಳ ಕುಡಿಯನ್ನೂ ಕಿತ್ತೇ ಅಭ್ಯಾಸ, ಅದು ಹೂ ಬಿಡುವವರೆಗೆ ಯಾರು ಕಾದಿದ್ದಾರೆ?

"ಗೊತ್ತಿಲ್ಲ ಕಣಮ್ಮ" ಅಂದರು.

"ಹೂ ಬರ್ಲಿ. ಆಮೇಲೆ ಕೂತ್ ಮಾತಾಡಾಣ ಅಂತಾವ್ರೆ" ಅಂದಳು ಡೋಲ್ಮಾ. ಮದಾಂ ಬೀದಿ ದಾಟಿ ಬಾಗಿಲು ಹಾಕಿಕೊಂಡರು.

ಉಳಿದ ದಿನಗಳು

ಆ ಬೀದಿ ಮೊದಲಿನಷ್ಟೇ ಚೆನ್ನಾಗಿತ್ತು. ಬೆಳಗ್ಗೆ ತಮ್ಮ ಮನೆಯ ಮುಂದಿನ ಕಲ್ಲನ್ನು ತಾವೇ ಬ್ರಷ್ಷಿನಲ್ಲಿ ತಿಕ್ಕುವ ಮುದುಕರು, ದೂರದ ಚಿಮಣಿಯ ಮೇಲೆ ಗೂಡು ಕಟ್ಟಿ ಕೊಕ್ಕು ಕಟಕಟಿಸುವ ದೊಡ್ಡ ಕೊಕ್ಕರೆಗಳು, ಸಂಜೆ ನೀರು ಹಾಕುವ ಹೊತ್ತಿಗೆ ಛತ್ರಿ ಬಿಚ್ಚಿಕೊಂಡು ನಡೆಯುವ ಜಾಣರು. ನಾನು ಎಲ್ಲವನ್ನೂ ನೋಡಿದೆ, ಯಾವುದೂ ಮನಸ್ಸಿಗೆ ಹತ್ತಲಿಲ್ಲ. ಡೋಲ್ಮಾ ನಮ್ಮನ್ನು ಎಂದಿನಂತೆ ನೋಡಿಕೊಂಡಳು. ಅದೇ ಇನ್ನೂ ಕಷ್ಟವಾಗಿತ್ತು. ಮದಾಂ ಕಿಟಕಿಯಿಂದ ಬೊನ್‌ಜೂರ್ ಅಂತ ಹಗಲಿನ ನಮಸ್ಕಾರ ಹೇಳುತ್ತಿದ್ದರು, ಅಷ್ಟೇ.

ಸ್ಟೇಷನ್ನಿನಲ್ಲಿ ರೈಲು ಹತ್ತುವ ಮುಂಚೆ ಇವರು, "ಡೋಲ್ಮಾ, ನಿನ್ ಅಂಗ್ಡಿ ಏನಾರ..." ಎಂದು ಶುರುಮಾಡಿದರು.

"ಬುಡಿ ಭಾವ" ಅಂದಳು ಅವಳು. ಮುಖ ಆ ಕಡೆ ತಿರುಗಿಸಿಕೊಂಡಳು.

ಬೆಟ್ಟದಪುರ

ಊರು ತಲುಪಿದ ದಿನ ಇವರು ಕಾಫಿಯನ್ನೂ ಕುಡಿಯದೆ ಹೊಲಕ್ಕೆ ಹೋದರು. ಮೈದುನನಿಗೆ ಬೈಗುಳ ಕಾದಿದೆ ಅಂದುಕೊಂಡೆ. ನೋಡಿದರೆ ಬ್ಯಾರನ್ ಪಕ್ಕದ ಒಂದು ಗಿಡದ ಕುಡಿ ಮುರಿದು, ಅದರ ಸುತ್ತ ನಾಲ್ಕು ಕಡ್ಡಿ ನೆಟ್ಟು ಬೇಲಿ ಹಾಕುತ್ತಿದ್ದರು.

"ಇದರ ಕಂಕುಳ್ ಕುಡಿ ಯಾರೂ ಮುಟ್ಟಂಗಿಲ್ಲ. ಎಷ್ಟ್ ದಿನಕ್ಕೆ ಹೂ ಬತ್ತದೆ ನೋಡ್ಬೇಕು" ಅಂದರು.

ಆಳಿನ ಹೆಂಗಸರಿಗೆ ನಗುವೋ ನಗು. "ಏನ್ ಯಜಮಾನ್ರೇ, ಪಾರಿನ್ನಿಂದ ಬಂದು ಹೂವಿನ್ ತೋಟ ಮಾಡೀರಾ?" ಅಂತ ಛೇಡಿಸಿದರು. ಇವರು ಗದರಿದರು, ನಗು ಜಾಸ್ತಿಯಾಯಿತು.

ದಿನಾ ಬೆಳಗ್ಗೆ ಗಿಡದ ಮುಂದೆ ಕೂತು ನೋಡುವುದು, ಸಂಜೆ ಡೋಲ್ಮಾಳಿಗೆ ಫೋನ್ ಮಾಡುವುದು. "ಕುಡಿ ಎಷ್ಟ್ ಬಂತು?" "ಬೆಳ್ಳುದ್ದ ಭಾವ." "ನಮ್ದು ಗೇಣುದ್ದ ಕಣವ್ವ. ನೀರ್ ಹಾಕ್ತಿದ್ದೀಯಾ?" ನಡುವೆ ಅಲ್ಲಿ ಬಿಸಿಲು ಜಾಸ್ತಿಯಾಗಿ ಮೇಲಿನ ಕಿಟಕಿಯ ಗಿಡಗಳು ಬಾಡಿದವು ಅಂದಳು. ಆ ದಿನ ಇವರಿಗೆ ಮುದ್ದೆ ಇಳಿಯಲಿಲ್ಲ. ಕರಾರು ಮುಗಿಯುವ ದಿನ ಹತ್ತಿರವಾಗುತ್ತಿತ್ತು. ಡೋಲ್ಮಾಳ ಮನೆಯನ್ನು ಬಾಡಿಗೆಗೆ ನೋಡಲು ಯಾರೋ ಬಂದು ಹೋದರಂತೆ. ನಮ್ಮ ಹೊಲದಲ್ಲಿ ಎಷ್ಟು ಎಲೆ ಇಳಿಯಿತು ಅಂತ ಅವತ್ತು ಇವರು ಕೇಳಲೇ ಇಲ್ಲ.

ಒಂದು ಮಧ್ಯಾಹ್ನ ನಾನು ಕಡ್ಡಿಗೆ ಎಲೆ ಕಟ್ಟುತ್ತ ಕೂತಿದ್ದಾಗ ಡೋಲ್ಮಾಳ ವಿಡಿಯೋ ಕಾಲ್ ಬಂತು. ಮುಖದ ತುಂಬ ಅಳು, ನಗು, ಎರಡೂ.

"ಹೂ ಬಂತು ಕಣೇ! ಒಂದೊಂದ್ ಗಿಡದಲ್ಲೂ ನಾಕ್ ನಾಕ್ ಕವಲು! ಮದಾಂ ಕರಾರ್ಗೆ ಸೈನ್ ಹಾಕ್ಬುಟ್ರು ಕಣೇ ಗಿರಿಜಾ, ಇನ್ನೂ ಮೂರ್ ವರ್ಸಕ್ಕೆ!"

ಫೋನಿನಲ್ಲಿ ಅದೇ ಬೀದಿ, ಅದೇ ಕಿಟಕಿ. ಕೆಂಪು ಜೆರೇನಿಯಂಗಳ ಮೇಲೆ ಗುಲಾಬಿ ಗೊಂಚಲುಗಳು. ಪಕ್ಕದಲ್ಲಿ ಮದಾಂ. ನನಗೆ ಅಳು ತಡೆಯಲಾಗಲಿಲ್ಲ. ಎಲೆಯ ಅಂಟಿನ ಕೈಯಲ್ಲೇ ಕಣ್ಣು ಒರೆಸಿಕೊಂಡು ಇನ್ನಷ್ಟು ಉರಿಸಿಕೊಂಡೆ.

"ಭಾವನ ಕರಿ. ನಿಮ್ ಗಿಡ ಏನಾಯ್ತು ಮದಾಂಗೆ ತೋರಿಸ್ಬೇಕಂತೆ" ಅಂದಳು ಡೋಲ್ಮಾ.

ಇವರು ನನ್ನ ಕೈಯಿಂದ ಫೋನ್ ಕಿತ್ತುಕೊಂಡು ಬ್ಯಾರನ್ ಪಕ್ಕಕ್ಕೆ ಓಡಿದರು. ನಾನೂ ಹಿಂದೆ ಓಡಿದೆ. ಕಡ್ಡಿ ಬೇಲಿಯೊಳಗೆ ಗಿಡದ ಮೈತುಂಬ ಹೂವು. ಆಗಲೇ ಅರಳಿ ಎರಡು ಮೂರು ದಿನವಾದಂತಿತ್ತು. ಯಾರಿಗೂ ಹೇಳದೆ ಇಟ್ಟುಕೊಂಡಿದ್ದರು, ಅಲ್ಲಿಯದು ಅರಳುವುದನ್ನು ಕಾಯುತ್ತಿದ್ದರು ಅಂತ ಕಾಣುತ್ತದೆ. ಫೋನನ್ನು ಹೂವಿನ ಕಡೆ ತಿರುಗಿಸಿ ಹಿಡಿದರು.

ಮದಾಂ ಫೋನಿಗೆ ಮುಖ ಹತ್ತಿರ ತಂದು ನೋಡಿದರು. ಆಮೇಲೆ ಏನೋ ಹೇಳಿದರು. ಡೋಲ್ಮಾ ಗೊಳ್ಳನೆ ನಕ್ಕಳು.

"ಹೊಲ್ದಲ್ಲಿ ಇಂಗ್ ಹೂ ಬಿಟ್ಟಿರಾದ ಅವ್ರಪ್ಪ ನೋಡಿದ್ರೆ ಬಯ್ದು ಸಾಯಿಸ್ಬುಡೋರಂತೆ."

ಇವರು ಹೂವಿನ ಮೇಲಿಂದ ಕಣ್ಣು ತೆಗೆಯಲಿಲ್ಲ.

"ನಮ್ಮಪ್ಪಾನೂ ಅಷ್ಟೇಯ ಅನ್ನು" ಅಂದರು.